ಅವಸರವಿಲ್ಲದ ರೇಸುಗಾರರು

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ನಮ್ಮ ಎದುರು ಅಪಾರ್ಟ್‌ಮೆಂಟಿನಲ್ಲಿದ್ದವರು ಮೈಸೂರಿನ ಒಬ್ಬ ಎಂಜಿನಿಯರು. ವಾರವಿಡೀ ಆಫೀಸು, ಶನಿವಾರ ಮಣ್ಣಿನ ಟ್ರ್ಯಾಕಿನಲ್ಲಿ ಸ್ಟಾಕ್ ಕಾರ್ ರೇಸು, ಅಂದರೆ ಮಾಮೂಲಿ ಕಾರನ್ನೇ ರೇಸಿಗೆ ಸಜ್ಜುಮಾಡಿ ಓಡಿಸುವ ಆಟ. ಅಲ್ಲಿ ಅವರ ಕಾರು ಬಂದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಫ್ರೀವೇಯಲ್ಲಿ ಮಾತ್ರ ಶಾಲೆಯ ಬಸ್ಸೂ ಅವರನ್ನು ಹಿಂದೆ ಹಾಕುತ್ತಿತ್ತು. ಯಾರಾದರೂ ಹಾರ್ನ್ ಹೊಡೆದರೆ, "ಅವಸರ ಏನಿದೆ?" ಅನ್ನುತ್ತಿದ್ದರು. ಊರೆಲ್ಲ ಸ್ಟಾರ್ಟಪ್ಪುಗಳ ಹಿಂದೆ ಓಡುತ್ತಿದ್ದ ಕಾಲದಲ್ಲಿ ಆಫೀಸಿನ ಮೀಟಿಂಗಿನಲ್ಲೂ ಇದೇ ಮಾತಂತೆ.

ಪ್ರತಿ ರೇಸಿಗೆ ಮುಂಚೆ ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಮೊದಮೊದಲು ನಕ್ಕ ಅಮೆರಿಕನ್ ರೇಸುಗಾರರು ಆಮೇಲೆ ತಾವೇ ಬಂದು ಕೇಳಿ ಇಸಿದುಕೊಳ್ಳುತ್ತಿದ್ದರು.

ರೇಸಿನಿಂದ ನಿವೃತ್ತಿಯಾದ ದಿನ ನಮ್ಮನ್ನು ಬಿಸಿಬೇಳೆಬಾತಿಗೆ ಕರೆದು, "ಈ ಆಟ ನನ್ ಜೊತೇಲೇ ಮುಗೀತು ಕಣ್ರೀ. ಈಗಿನ ಮಕ್ಳಿಗೆ ಕಂಪ್ಯೂಟರ್ ಬಿಟ್ರೆ ಇನ್ನೇನು ಬೇಕು?" ಎಂದರು.

ಬರ್ಕ್ಲಿಯಲ್ಲಿ ಓದುತ್ತಿದ್ದ ಅವರ ಮಗಳು ತಟ್ಟೆಯಿಂದ ತಲೆ ಎತ್ತದೆ, "ಅಪ್ಪಾ, ಐ ವಾಂಟ್ ಟು ಡ್ರೈವ್ ಯುವರ್ ರೇಸ್ ಕಾರ್," ಎಂದಳು.

"ಮೊದ್ಲು ಓದು ಮುಗಿಸಮ್ಮ. ಅವಸರ ಏನಿದೆ?"

ಅವಳು ಕಾಯಲಿಲ್ಲ. ಮುಂದಿನ ಸೀಸನ್ನಿನ ಮೊದಲ ರೇಸಿಗೆ ನಾವೆಲ್ಲ ಹೋದೆವು. ಅವರೇ ಮಂಡಿಯೂರಿ ನಿಂಬೆಹಣ್ಣು ಇಟ್ಟರು. ಒಂದನ್ನು ಜೇಬಿನಲ್ಲೇ ಮರೆತು ಮತ್ತೆ ಓಡಿದರು. ಕೊನೆಯ ಸುತ್ತಿನಲ್ಲಿ ಮಗಳ ಕಾರು ನಾಲ್ಕನೆಯದಾಗಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಅವಳ ಅಪ್ಪ ಬಲಗಾಲಿನಿಂದ ಮುಂದಿನ ಬೆಂಚನ್ನು ಬಲವಾಗಿ ಒತ್ತುತ್ತಾ, ಗಂಟಲು ಹರಿಯುವಂತೆ ಕೂಗುತ್ತಿದ್ದರು:

"ಒತ್ತಮ್ಮ, ಇನ್ನೂ ಒತ್ತು. ಯಾಕಿಷ್ಟು ನಿಧಾನ?"