ತಿಳಿ ನೇರಳೆ ಬಣ್ಣದ ನೀರು

ಅಡಿಕೆಗೆ ಗಂಧಕದ ಹೊಗೆ ಕೊಟ್ಟರೆ ಹುಳ ಹಿಡಿಯುವುದಿಲ್ಲ, ಮೇಲಾಗಿ ಬೆಳ್ಳಗೆ ಕಾಣುತ್ತದೆ. ಕುಮಟೆಯ ಆ ಅಡಿಕೆ ವಖಾರಿಯಲ್ಲಿ ಸಂಜೆ ಬಾಗಿಲು ಮುಚ್ಚಿ ಗಂಧಕ ಸುಡುತ್ತಿದ್ದರು. ಬೆಳಿಗ್ಗೆ ಹೆಂಗಸರು ಅದೇ ಕೋಣೆಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದರು. ಅಡಿಕೆಯ ಆರೋಗ್ಯದ ಬಗ್ಗೆ ಅಷ್ಟೊಂದು ಕಾಳಜಿ ನಮ್ಮವರಿಗೆ.

ಆರಿಸುವವರಲ್ಲಿ ಕಾಗಾಲದ ಒಬ್ಬಾಕೆಗೆ ಉಬ್ಬಸ ಹಿಡಿದಿತ್ತು. ಹೊರಗಿನ ಜಗಲಿಯಲ್ಲಿ ಕೂತು ಆರಿಸುತ್ತೇವೆ ಎಂದು ಸಾಹುಕಾರರನ್ನು ಬೇಡಿಕೊಂಡಳು. ಗಾಳಿ ಪರೀಕ್ಷೆ ಮಾಡಿಸುತ್ತೇನೆ, ದೋಷ ಕಂಡರೆ ಹೊರಗೆ ಕೂತುಕೊಳ್ಳಿ ಅಂದರು ಅವರು. ಹಾಗೆ ನನಗೆ ಕರೆ ಬಂತು. ತೊಂಬತ್ತರ ದಶಕದ ಕೊನೆ. ನಾನು ಹೊನ್ನಾವರದ ಒಂದು ಸಣ್ಣ ಪ್ರಯೋಗಾಲಯದಲ್ಲಿದ್ದೆ.

ಪಾದರಸದ ಉಪ್ಪು ಕರಗಿಸಿದ ನೀರಿನೊಳಗೆ ಪಂಪಿನಿಂದ ಗಾಳಿ ಹಾಯಿಸಬೇಕು. ಗಂಧಕದ ಅನಿಲವನ್ನು ಆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬಣ್ಣದ ದ್ರಾವಣ, ಫಾರ್ಮಾಲಿನ್ ಹಾಕಿದರೆ ನೇರಳೆ ಏಳುತ್ತದೆ. ಅನಿಲ ಹೆಚ್ಚಿದಷ್ಟೂ ಬಣ್ಣ ಗಾಢ.

ನಾನು ಹೋದಾಗ ವಖಾರಿಯ ನೆಲ ತೊಳೆದಿತ್ತು, ಬಾಗಿಲಲ್ಲಿ ರಂಗೋಲಿ ಬೇರೆ. ಪಂಪು ಓಡುವಷ್ಟು ಹೊತ್ತೂ ಆಕೆ ಕೆಮ್ಮುತ್ತಾ ಗಾಜಿನ ನಳಿಗೆಯನ್ನೇ ನೋಡುತ್ತಿದ್ದಳು. ಪ್ರಯೋಗಾಲಯದಲ್ಲಿ ಎದ್ದ ಬಣ್ಣ ಮಾತ್ರ ತೀರಾ ತಿಳಿ, ಬಣ್ಣ ಬಿಡುವ ಸೀರೆಯನ್ನು ಕೊನೆಯ ಸಲ ಜಾಲಿಸಿದ ನೀರಿನ ಹಾಗೆ. ಬಂದದ್ದನ್ನೇ ಬರೆದೆ, ಗಾಳಿಯಲ್ಲಿ ದೋಷವಿಲ್ಲ ಎಂದು.

ವರದಿ ಕೊಡಲು ಹೋದ ಬೆಳಿಗ್ಗೆ ಹೊಸ್ತಿಲಲ್ಲೇ ಕಣ್ಣು ಉರಿಯಿತು, ಗಂಟಲು ಕಟ್ಟಿತು. ಆ ದಿನ ಹೀಗಿರಲಿಲ್ಲವಲ್ಲ ಎಂದು ಆಕೆಯನ್ನು ಕೇಳಿದೆ.

"ನೀವು ಬರೂದು ಗೊತ್ತಿತ್ತಲ, ಅಕ್ಕೋರೆ. ಬೆಳಗಾಗೂಕೆ ಮೊದ್ಲೇ ಬಂದು ಕಿಟಕಿ ಬಾಗ್ಲು ಎಲ್ಲ ತೆಗ್ದಿಟ್ಟೆ, ನೆಲ ತೊಳ್ದೆ. ಹೊರಗಿಂದ ಬಂದವ್ರು ಈ ಹೊಗೇಲಿ ಕೂತ್ಕಂಬೂಕೆ ಆಗ್ತದಾ? ನಿಮ್ಗೆ ಕೆಮ್ಮು ಹತ್ತಿದ್ರೆ ಎಂತ ಮಾಡೂದು?"

ನನಗೆ ಅವಳ ಮೇಲೆ ಸಿಟ್ಟು ಬಂತು, ಮರುಕ್ಷಣ ಅಳು ಬಂತು. ನೆಂಟರಿಗೆ ಮನೆ ಗುಡಿಸುವಂತೆ ನನಗಾಗಿ ಗಾಳಿ ಗುಡಿಸಿದ್ದಳು. ಸಾಹುಕಾರರೂ ನೋಡಿದ್ದರಂತೆ, ಬೇಡ ಅನ್ನಲಿಲ್ಲವಂತೆ. ಅವರ ಬಳಿ ಹೋಗಿ, ಇನ್ನೊಮ್ಮೆ ಅಳೆಯಬೇಕು, ಈ ಲೆಕ್ಕ ಸುಳ್ಳು ಅಂದೆ.

"ಒಂದ್ಸಲ ಆತಲ," ಎಂದು ಅವರು ವರದಿಯನ್ನು ಡ್ರಾಯರಿಗೆ ಹಾಕಿದರು.

ಹೊರಗೆ ಬಂದು ಆಕೆಗೆ ವಿಷಯ ಬಿಡಿಸಿ ಹೇಳಬೇಕಾಯಿತು.

"ಹಂಗಾರೆ ಆ ಹೊಗೇನ ಹೊರಗೆ ಕಳ್ಸಿದ್ದು ನಾನೇಯಾ?" ಅಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಅಡಿಕೆ ರಾಶಿಯ ಮುಂದೆ ಕೂತಳು. ಮುಂದಿನ ಮಳೆಗಾಲವನ್ನು ಆಕೆ ನೋಡಲಿಲ್ಲ.