ಒಂದೇ ಸಲ ಹೇಳುವ ಮನೆ

ಹಬ್ಬಕ್ಕೆಂದು ತವರಿಗೆ ಬಂದವಳು ಸುಮ್ಮನೆ ಕೂರಲಾರದೆ ಅಟ್ಟ ಚೊಕ್ಕಟ ಮಾಡಲು ಹೊರಟೆ. ಹಳೆಯ ಹೆಡ್‌ಫೋನೊಂದು ಕೈಗೆ ಸಿಕ್ಕಿತು. ಕಿವಿಗೆ ಕೂರುವ ಸ್ಪಂಜು ಪುಡಿಪುಡಿಯಾಗಿ ಉದುರುತ್ತಿದೆ. ವೈರ್‌ಗೆ ಅಣ್ಣ ಸುತ್ತಿದ್ದ ಕಪ್ಪು ಟೇಪು ಮಾತ್ರ ಇನ್ನೂ ಗಟ್ಟಿಯಾಗಿದೆ. ಎಸೆಯೋಣವೆಂದು ಎತ್ತಿಕೊಂಡು, ಅದನ್ನೇ ಹಿಡಿದು ಏಣಿಯ ಮೇಲೆ ಕೂತುಬಿಟ್ಟೆ. ಅಟ್ಟದ ಕೆಲಸ ಯಾವತ್ತೂ ಏಕೆ ಮುಗಿಯುವುದಿಲ್ಲ ಎಂಬುದು ನಿಮಗೂ ಗೊತ್ತಿರಬೇಕು.

ಇದು ನಮ್ಮ ಅತ್ತಿಗೆಯದು. ಅತ್ತಿಗೆ ನರ್ಸ್. ತಿಂಗಳು ತುಂಬುವ ಮೊದಲೇ ಹುಟ್ಟಿದ, ಅಂಗೈಯಷ್ಟಿರುವ ಕೂಸುಗಳನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಹೊರದೇಶದ ಆಸ್ಪತ್ರೆಯೊಂದರಲ್ಲಿ ಒಂದು ವರ್ಷ ಕಲಿತು ಬರಬೇಕೆಂದು ಅವರಿಗೆ ಬಹಳ ಆಸೆ. ಸೀಟೂ ಸಿಕ್ಕಿತ್ತು. ಅಡ್ಡ ನಿಂತದ್ದು ಇಂಗ್ಲಿಷ್ ಪರೀಕ್ಷೆ. ಓದು, ಬರಹ, ಮಾತು ಎಲ್ಲದರಲ್ಲೂ ಗೆದ್ದವರು ಕೇಳಿಸಿಕೊಂಡು ಉತ್ತರ ಬರೆಯುವ ಭಾಗದಲ್ಲಿ ಮುಗ್ಗರಿಸಿದ್ದರು. ಅಲ್ಲಿ ಧ್ವನಿಮುದ್ರಣವನ್ನು ಎರಡನೇ ಸಲ ಹಾಕುವುದಿಲ್ಲ. ಮತ್ತೆ ಬರೆದು ಪಾಸಾಗದಿದ್ದರೆ ಸೀಟು ಬೇರೆಯವರ ಪಾಲು.

ಸರಸ್ವತಿಪುರಂನ ನಮ್ಮ ಮನೆಗೆ ಹತ್ತಿರದಲ್ಲೇ, ಹೋಟೆಲೊಂದರ ಮಹಡಿಯಲ್ಲಿ ಟ್ಯುಟೋರಿಯಲ್ ಇತ್ತು. ಕೆಳಗೆ ದೋಸೆ, ಮೇಲೆ ಇಂಗ್ಲಿಷ್. ಅತ್ತಿಗೆಯ ಜೊತೆ ನಾನೂ ಹೋಗುತ್ತಿದ್ದೆ. ಇಂಗ್ಲಿಷಿಗಾಗಿ ಅಲ್ಲ ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿನ ಮೇಷ್ಟ್ರು ಕೆಲವು ದಿನ ಅತ್ತಿಗೆಯನ್ನು ಗಮನಿಸಿ, ಒಂದು ಸಂಜೆ ಇಬ್ಬರನ್ನೂ ಕೂರಿಸಿಕೊಂಡರು.

“ನಿಮ್ಮ ಕಿವೀಲಿ ದೋಷ ಇಲ್ಲಮ್ಮ, ಇಂಗ್ಲಿಷಲ್ಲೂ ಇಲ್ಲ. ಮೊದಲನೇ ಸಲ ಹೇಳಿದ್ದನ್ನ ನೀವು ಲೆಕ್ಕಕ್ಕೇ ತಗೊಳಲ್ಲ. ಇನ್ನೊಂದು ಸಲ ಹೇಳ್ತಾರೆ ಅಂತ ಕಾಯ್ತಾ ಕೂತಿರ್ತೀರಿ. ನಿಮ್ಮನೇಲಿ ಎಲ್ಲಾನೂ ಎರಡೆರಡು ಸಲ ಹೇಳ್ತಾರಾ?”

“ಆಂ?” ಅಂದರು ಅತ್ತಿಗೆ.

“ಆಂ?” ಅಂದೆ ನಾನೂ.

ಮೇಷ್ಟ್ರು ಹಣೆ ಚಚ್ಚಿಕೊಂಡರು.

ಈ ‘ಆಂ’ ನಮ್ಮ ಮನೆಯ ಪದ್ಧತಿ. ಯಾರಿಗೂ ಕಿವುಡಿಲ್ಲ, ಆದರೂ ಯಾರು ಏನು ಹೇಳಿದರೂ ಮೊದಲು ‘ಆಂ?’ ಅನ್ನಲೇಬೇಕು. ಮೊದಲ ಸಲ ಹೇಳುವುದು ಬಾಗಿಲು ತಟ್ಟಿದ ಹಾಗೆ. ಎರಡನೆಯದೇ ನಿಜವಾದ ಮಾತು. ಅಮ್ಮ ನೆಂಟರ ಸುದ್ದಿ ಹೇಳಿದರೆ ಮೊದಲ ಸಲ ಬರೀ ಸುದ್ದಿ, ‘ಆಂ?’ ಅಂದರೆ ಉಪ್ಪು, ಹುಳಿ, ಖಾರ ಎಲ್ಲ ಬೀಳುತ್ತಿತ್ತು. ಮದುವೆಯಾಗಿ ಬಂದ ಅತ್ತಿಗೆಗೂ ನಮ್ಮ ಗಾಳಿ ತಾಗಿತ್ತು.

ಮೇಷ್ಟ್ರ ಮಾತು ಕೇಳಿ ಅಮ್ಮ ಪೆಚ್ಚಾದಳು. ಆಮೇಲೆ ಸೆರಗು ಸಿಕ್ಕಿಸಿ ಆಜ್ಞೆ ಹೊರಡಿಸಿದಳು: “ನಮ್ಮ ದೆಸೆಯಿಂದ ಅವಳು ಫೇಲಾಗೋದು ಬೇಡ ಕಣ್ರೋ. ಇವತ್ತಿಂದ ಈ ಮನೇಲಿ ಎಲ್ಲಾ ಒಂದೇ ಸಲ. ಕೇಳಿಸ್ತೋ ಸರಿ, ಇಲ್ದಿದ್ರೆ ಬುಡಿ.”

ಆ ದಿನಗಳ ಪಾಡು ಏನು ಹೇಳಲಿ! ಮೇಟಗಳ್ಳಿಯ ಕಾರ್ಖಾನೆಯಿಂದ ಅಣ್ಣ ಬರಿಗೈಲಿ ಬಂದ. ಬೆಳಿಗ್ಗೆ ಒಂದೇ ಸಲ ಹೇಳಿದ್ದ ಕರಿಬೇವು, ಇಂಗು ಅವನ ತಲೆಗೇ ಹೋಗಿರಲಿಲ್ಲ. ಆ ರಾತ್ರಿ ಸಾರಿಗೆ ಸರಿಯಾದ ಒಗ್ಗರಣೆಯೇ ಇಲ್ಲ. ಪಕ್ಕದ ಮನೆಯ ನಾಮಕರಣದ ಊಟಕ್ಕೆ ಎಲ್ಲರೂ ಹೋದರು. ಒಂದೇ ಸಲ ಕರೆದದ್ದು ತಲೆಗೆ ಹೋಗದೆ ನಾನೊಬ್ಬಳು ಮೊಸರನ್ನ ಕಲಸಿಕೊಂಡು ಕೂತಿದ್ದೆ. ಹೋಳಿಗೆ ಇತ್ತಂತೆ.

ಅಭ್ಯಾಸಕ್ಕೆ ಇಂಗ್ಲಿಷ್ ಓದಿ ಹೇಳುವ ಹೊಣೆ ನನ್ನದು. ಮೂಗಿನಲ್ಲಿ, ಗಂಟಲಲ್ಲಿ, ಬಾಯಿ ಸೊಟ್ಟ ಮಾಡಿ ದೊರೆಗಳ ಥರ ಓದುತ್ತಿದ್ದೆ. ಅತ್ತಿಗೆ ನಕ್ಕು ನಕ್ಕು, “ನಿನ್ನ ಇಂಗ್ಲಿಷ್ ಅರ್ಥ ಆದ್ರೆ ಭೂಮಿ ಮೇಲೆ ಯಾರದಾದ್ರೂ ಅರ್ಥ ಆಗುತ್ತೆ ಬುಡೇ” ಎನ್ನುತ್ತಿದ್ದರು. ಹೆಡ್‌ಫೋನಿನಲ್ಲಿ ಧ್ವನಿ ಶುರುವಾಗುವ ಮುಂಚೆ ಪ್ರಶ್ನೆಗಳನ್ನು ಓದಿ, ಏನು ಬರಬಹುದೆಂದು ಊಹಿಸಿಕೊಳ್ಳಿ ಎಂದಿದ್ದರು ಮೇಷ್ಟ್ರು. ಒಂದು ಉತ್ತರ ತಪ್ಪಿತೆಂದು ಅದರ ಹಿಂದೆ ಓಡಬೇಡಿ, ಮುಂದಿನದೂ ಹೋಗುತ್ತದೆ ಎಂದೂ ಹೇಳಿದ್ದರು. ಇದು ಅಮ್ಮನಿಗೆ ಎಷ್ಟು ಹಿಡಿಸಿತೆಂದರೆ, ಹಾಲುಕ್ಕಿ ಒಲೆಯೆಲ್ಲ ಹರಿದಾಗ ತಣ್ಣಗೆ, “ಹೋಯ್ತು ಬುಡು, ಮುಂದಿನ ಪ್ರಶ್ನೆ” ಅಂದಳು. ಹಿಂದೆಲ್ಲ ಹಾಲುಕ್ಕಿದರೆ ಮಧ್ಯಾಹ್ನದವರೆಗೂ ಗೊಣಗುತ್ತಿದ್ದಳು.

ಅತ್ತಿಗೆ ಪರೀಕ್ಷೆ ಬರೆದು ಬಂದರು. ಹೇಗಾಯಿತೆಂದು ಒಬ್ಬರೂ ಕೇಳಲಿಲ್ಲ, ಧೈರ್ಯ ಬೇಕಲ್ಲ. ಫಲಿತಾಂಶ ಬಂದ ಸಂಜೆ ನಾವು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತಿಗೆ ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: “ಅತ್ತೆ, ಪಾಸಾದೆ. ಕೇಳೋದ್ರಲ್ಲೂ.”

ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಅಮ್ಮ ಎದ್ದಳು. ಕಣ್ಣು ತುಂಬಿತ್ತು.

“ಆಂ?” ಅಂದಳು.

“ಪಾಸಾದೆ ಅತ್ತೆ!”

“ಆಂ?” ಅಂದ ಅಣ್ಣ. “ಆಂ?” ಅಂದೆ ನಾನು. ಅತ್ತಿಗೆ ನಗುತ್ತಾ, ಅಳುತ್ತಾ, ಕೇಳಿದವರಿಗೆಲ್ಲ ಮತ್ತೆ ಮತ್ತೆ ಹೇಳಿದರು. ನಮ್ಮ ಮನೆಯಲ್ಲಿ ಅಷ್ಟು ಸಂತೋಷದ ಗಲಾಟೆಯನ್ನು ನಾನು ಇನ್ನೊಮ್ಮೆ ಕಂಡಿಲ್ಲ. ಅತ್ತಿಗೆ ಹೋದರು, ಕಲಿತರು, ಹೋಗುವಾಗ ಮಾತು ಕೊಟ್ಟಂತೆ ಇಲ್ಲಿನ ತಮ್ಮ ಆಸ್ಪತ್ರೆಯ ಕೂಸುಗಳ ವಾರ್ಡಿಗೇ ವಾಪಸ್ಸು ಬಂದರು.

ಅಂದಿನ ಅಭ್ಯಾಸದ ಫಲ, ಈಗ ನನಗೆ ಎಲ್ಲವೂ ಮೊದಲ ಸಲವೇ ಕೇಳಿಸುತ್ತದೆ. ಏಣಿಯ ಕೆಳಗಿನಿಂದ ಅತ್ತಿಗೆ ಕೂಗಿದ್ದೂ ಕೇಳಿಸಿತು: “ಕಾಫಿ ಆರೋಗ್ತಾ ಇದೆ, ಇಳಿದು ಬಾರೇ.”

“ಆಂ?” ಅಂದೆ.

“ಕಾಫಿ ಕಣೇ! ಮತ್ತೆ, ಉಳಿಯುತ್ತೋ ಇಲ್ವೋ ಅಂತಿದ್ದೆನಲ್ಲ ನಮ್ಮ ವಾರ್ಡಿನ ಆ ಕೂಸು, ಇವತ್ತು ಅವರಮ್ಮನ ಮಡಿಲಲ್ಲಿ ಮನೆಗೆ ಹೋಯ್ತು.”

ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಇಳಿಯುತ್ತಾ, ಇನ್ನೊಂದು ಸಲ “ಆಂ?” ಅಂದೆ.