ಮಾರ್ಜಿನ್ ಬಿಟ್ಟು ಬರೆದ ಮನೆ

ಟೇಪಕ್ಕನ ಕೊರಳಲ್ಲಿ ಸರ ಕಂಡವರಿಲ್ಲ, ಅಳತೆ ಟೇಪು ಇಲ್ಲದ್ದನ್ನೂ ಕಂಡವರಿಲ್ಲ. ಊರಿನ ಅರ್ಧ ಜನರ ಸೊಂಟದ ಗುಟ್ಟು ಬಲ್ಲ ದರ್ಜಿ ಅವಳು. ಆದರೆ ಸ್ವಂತ ತಾತನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಹೊಟ್ಟೆಪಾಡಿಗೆ ಕಡಲು ದಾಟಿ ಈ ಊರಿಗೆ ಬಂದವರು, ಮಾತೆತ್ತಿದರೆ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎನ್ನುತ್ತಿದ್ದವರು. ಅವಳು ಹುಟ್ಟುವ ಮೊದಲೇ ಹೋಗಿಬಿಟ್ಟರು, ಒಂದು ಫೋಟೋ ಕೂಡ ಇಲ್ಲ. ಮುಖ ಸಿಗದವರಿಗೆ ಮನೆಯಾದರೂ ಸಿಗಲಿ ಎಂದು, ತಾತ ಬದುಕಿದ್ದ ಬಾಡಿಗೆ ಮನೆಗಳನ್ನೆಲ್ಲ ಹುಡುಕಿ, ಚಿತ್ರ ಬರೆದು ಅಂಗಡಿಯ ಗೋಡೆಗೆ ಹಾಕುವ ಹುಚ್ಚು ಅವಳಿಗೆ ಐವತ್ತು ದಾಟಿದ ಮೇಲೆ ಹತ್ತಿತು.

ಚಿತ್ರ ಅಂದರೆ ಎಂಥ ಚಿತ್ರ! ಬಟ್ಟೆ ಕತ್ತರಿಸುವ ಮೊದಲು ಗೆರೆ ಹಾಕುವ ಕಂದು ಕಾಗದದ ಮೇಲೆ ಮನೆಯ ಮುಂಭಾಗ ಒಂದು ತುಂಡು, ಹಿಂಭಾಗ ಇನ್ನೊಂದು ತುಂಡು. ಕಿಟಕಿಗಳು ಥೇಟ್ ಅಂಗಿಯ ಜೇಬು. ಸಾಲದ್ದಕ್ಕೆ, ಹೊಲಿಗೆಗೆ ಬೇಕಲ್ಲ ಎಂದು ಕೈ ತನ್ನಷ್ಟಕ್ಕೆ ಸುತ್ತಲೂ ಮಾರ್ಜಿನ್ ಬಿಟ್ಟುಬಿಡುತ್ತಿತ್ತು. ಹಾಗಾಗಿ ಅವಳು ಬರೆದ ಮನೆಗಳೆಲ್ಲ ಇದ್ದದ್ದಕ್ಕಿಂತ ದೊಡ್ಡವು. ಬೇಕರಿ ಹಿಂದಿನ ಮನೆಯ ಗೋಡೆಗೆ ಟೇಪು ಹಿಡಿದ ದಿನ, ರಸ್ತೆ ಅಗಲ ಮಾಡಿಸುವ ಅಧಿಕಾರಿ ಬಂದರೆಂದು ಒಳಗಿನವರು ಹೆದರಿ, ಕುರ್ಚಿ ಹಾಕಿ ಚಹಾ ಕೊಟ್ಟರು. ದರ್ಜಿ ಎಂದು ತಿಳಿದ ಮೇಲೆ, ಕೊಟ್ಟ ಚಹಾ ದಂಡವಾಗಬಾರದೆಂದು ಎರಡು ಪ್ಯಾಂಟು ಗಿಡ್ಡ ಮಾಡಿಸಿಕೊಂಡರು.

ಆ ಮನೆಗಳ ಒಳಗೆ ಹೇಗಿತ್ತೆಂದು ಬಲ್ಲವರು ಉಳಿದಿದ್ದದ್ದು ಒಬ್ಬರೇ, ಅಪ್ಪನ ಅಕ್ಕ. ಎಂಬತ್ತು ದಾಟಿದ ಈ ಅತ್ತೆಯ ಬಾಯಿ ಬಿಡಿಸುವುದು ಹುಡುಗಾಟವಲ್ಲ. ಈ ವಂಶದ ಹೆಂಗಸರ ಜಾಯಮಾನವೇ ಹಾಗೆ: ಕೇಳಿದರೆ ಬಾಯಿಗೆ ಬೀಗ, ತಪ್ಪು ಕಂಡರೆ ಮಾತ್ರ ತಡೆಯಲಾರರು. ಟೇಪಕ್ಕನಿಗೂ ಅದೇ ರೋಗ ಇದ್ದದ್ದರಿಂದ ಮದ್ದೂ ಗೊತ್ತಿತ್ತು. ಬೇಕೆಂದೇ ತಪ್ಪು ಬರೆದು ಅತ್ತೆಯ ಮುಂದೆ ಹಿಡಿಯುತ್ತಿದ್ದಳು.

"ಬೇಕರಿ ಮನೆಗೆ ಇಷ್ಟು ಕಿಟಕಿನಾ? ನಿನ್ನ ತಲೆ! ಇದ್ದಿದ್ದೇ ಒಂದು, ಅದೂ ಮುಚ್ಚೋಕೆ ಬರ್ತಿರ್ಲಿಲ್ಲ. ಬ್ರೆಡ್ಡಿನ ವಾಸನೆ ಕುಡಿದೇ ಎಷ್ಟೋ ದಿನ ಹೊಟ್ಟೆ ತುಂಬಿಸ್ಕೊಂಡಿದೀವಿ" ಎಂದು ಶುರುವಾದರೆ, ಅತ್ತೆ ನಿಲ್ಲುವ ಹೊತ್ತಿಗೆ ದೀಪ ಹಾಕಬೇಕಾಗುತ್ತಿತ್ತು.

ತಾತ ಈ ಊರಿಗೆ ಬಂದಾಗಿನ ಮೊದಲ ಮನೆಯನ್ನು ಮಾತ್ರ ಅತ್ತೆ ಯಾರೂ ಕೇಳದೆಯೇ ಹೇಳುತ್ತಿದ್ದರು. ಯಾರ ಮದುವೆಗೆ ಹೋದರೂ, "ನಾವು ಎರಡಂತಸ್ತಿನ ಮನೇಲಿ ಇದ್ದೋರು ಕಣ್ರೀ" ಎಂದು ಹೇಳದೆ ಊಟಕ್ಕೆ ಕೂತವರಲ್ಲ. ಆ ಮನೆ ಈಗಲೂ ಐಸ್ ಫ್ಯಾಕ್ಟರಿಯ ಎದುರು ಬೀಗ ಹಾಕಿಕೊಂಡು ನಿಂತಿದೆ. ಟೇಪಕ್ಕ ಹೊರಗಿನದನ್ನು ನೋಡಿ ಬರೆದಳು. ಒಳಗಿನದಕ್ಕೆ ಸೌದೆಯನ್ನು ಹಜಾರದಲ್ಲಿ, ಅಡುಗೆಮನೆಯನ್ನು ಮಹಡಿಯಲ್ಲಿ, ಬಚ್ಚಲನ್ನು ಮುಂಬಾಗಿಲಲ್ಲೇ ಇಟ್ಟು, ಬೈಗುಳಕ್ಕೆ ತಯಾರಾಗಿ ಹೋದಳು.

ಅತ್ತೆ ನೋಡಿದರು. "ಸರಿಯಾಗಿದೆ" ಎಂದರು.

ಟೇಪಕ್ಕ ಚಿತ್ರವನ್ನು ಇನ್ನಷ್ಟು ಹತ್ತಿರ ಹಿಡಿದಳು. ಮುಂಬಾಗಿಲಲ್ಲಿ ಬಚ್ಚಲು ಕಂಡೂ ಈ ಅತ್ತೆ ಸುಮ್ಮನಿದ್ದಾರೆಂದರೆ ನೆನಪು ಹೋಯಿತೆಂದೇ ಅರ್ಥ, ತಾತನೂ ಅದರೊಂದಿಗೇ ಹೋದರು ಎಂದುಕೊಂಡಳು. ಅಷ್ಟರಲ್ಲಿ ಅತ್ತೆಯ ಬೆರಳು ಮೆಟ್ಟಿಲ ಮೇಲೆ ನಿಂತಿತು.

"ಇದು ತಪ್ಪು. ಹಲಗೆಗಳ ನಡುವೆ ಸಂದಿ ಇತ್ತು. ಒಂದರ ತಳದಲ್ಲಿ ಮರದ ಗಂಟು, ಕಣ್ಣಿನ ಹಾಗೇ ನೋಡ್ತಿತ್ತು. ಮಹಡಿಯವರು ಇಳಿದ್ರೆ ಧೂಳು ಉದುರೋದು. ಸದ್ದು ಕೇಳಿದ ತಕ್ಷಣ ಅಪ್ಪ ನನ್ನ ಕಣ್ಣಿಗೆ ಅಂಗೈ ಅಡ್ಡ ಹಿಡಿಯೋರು."

ಹೇಳಿದ ಮೇಲೆ ಅತ್ತೆ ನಾಲಿಗೆ ಕಚ್ಚಿಕೊಂಡರು. ಬಟ್ಟೆಯ ಒಳಮಗ್ಗುಲು ನೋಡಿಯೇ ಬದುಕಿದವಳು ಟೇಪಕ್ಕ. ಮನೆಯ ಒಳಗೇನಿದೆಯೆಂದು ತಿಳಿಯದೆ ಮೆಟ್ಟಿಲನ್ನು ತಳದಿಂದ ಮಾತ್ರ ಬಲ್ಲವರು ಎಲ್ಲಿ ಮಲಗುತ್ತಿದ್ದರೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ಎರಡಂತಸ್ತಿನ ಮನೆ ಅಂದೆ. ಸುಳ್ಳಲ್ಲವಲ್ಲ?" ಎಂದರು ಅತ್ತೆ, ಸಣ್ಣ ದನಿಯಲ್ಲಿ.

"ಸುಳ್ಳು ಹೇಗಾಗುತ್ತೆ ಅತ್ತೆ? ಇದ್ದಿದ್ದು ಅಲ್ಲೇ ತಾನೆ."

"ಗೋಡೆಗೆ ಹಾಕಿದ್ರೆ ಊರೆಲ್ಲ ನೋಡುತ್ತೆ."

"ನೀವು ಬೇಡ ಅಂದ್ರೆ ಹಾಕಲ್ಲ."

ಟೇಪಕ್ಕ ಕಾಗದ ಮಗುಚಿ ಹೊಸದಾಗಿ ಬರೆದಳು. ಈ ಸಲ ಬೇಕೆಂದು ಒಂದು ತಪ್ಪನ್ನೂ ಮಾಡಲಿಲ್ಲ. ಮೆಟ್ಟಿಲ ತಳ, ಸಂದಿಗಳು, ಮರದ ಗಂಟು, ಕೆಳಗೆ ಒಂದು ಚಾಪೆ. ಅತ್ತೆ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಇಷ್ಟು ಜಾಗ ಎಲ್ಲಿತ್ತೇ? ಅಮ್ಮನೂ ನಾನೂ ಮಲಗಿದ ಮೇಲೆ ಉಳಿದಿದ್ರಲ್ಲಿ ಅಪ್ಪ ಮುದುಡಿಕೊಂಡು ಬಿದ್ದಿರೋರು. ಒಂದು ದಿನ ನೆಟ್ಟಗೆ ಮಲಗಿದ್ದು ನೋಡ್ಲಿಲ್ಲ ನಾನು."

"ಅಯ್ಯೋ, ಕೈ ಮತ್ತೆ ಮಾರ್ಜಿನ್ ಬಿಟ್ಟಿದೆ ನೋಡಿ. ಅಳಿಸಿಬಿಡ್ತೀನಿ" ಎಂದು ಟೇಪಕ್ಕ ರಬ್ಬರ್ ತೆಗೆದಳು.

ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು.

"ಮುಟ್ಟಬೇಡ. ಹಾಗೇ ಗೋಡೆಗೆ ಹಾಕು. ಇನ್ನಾದ್ರೂ ನಮ್ಮಪ್ಪ ಕಾಲು ಚಾಚಿ ಮಲಗ್ಲಿ."